5.65 ಲಕ್ಷ ಜನ, 1,870 ಎಕರೆ ಕಬ್ಬು

ಬೆಳಗಾವಿ ಜಿಲ್ಲೆಯ ಜನಸಂಖ್ಯೆ 2001ರಲ್ಲಿ 42,14,505 ಇತ್ತು, 2011ರಲ್ಲಿ 47,79,661. ಹತ್ತು ವರ್ಷದಲ್ಲಿ ಕೂಡಿದವರು 5,65,156. ಬೆಳವಣಿಗೆ ಶೇ 13.41, ಅದೇ ಅವಧಿಯಲ್ಲಿ ರಾಜ್ಯದ್ದು ಶೇ 15.60. ನೀರಿನ ಕೊರತೆಗೆ ಜನಸಂಖ್ಯೆಯನ್ನು ಹೊಣೆ ಮಾಡುವುದು ರೂಢಿ. ಜಿಲ್ಲೆಯ ಲೆಕ್ಕ ಹಾಕಿದರೆ ಆ ಹೊಣೆ ನಿಲ್ಲುವುದಿಲ್ಲ.

ಮೊದಲು ಜನಸಂಖ್ಯೆ. ಒಬ್ಬ ಮಹಿಳೆ ಜೀವಿತಾವಧಿಯಲ್ಲಿ ಹೆರುವ ಮಕ್ಕಳ ಸರಾಸರಿಗೆ ಒಟ್ಟು ಫಲವತ್ತತೆ ದರ ಎನ್ನುತ್ತಾರೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಇದು 1992–93ರಲ್ಲಿ 2.85 ಇತ್ತು, ಐದನೇ ಸುತ್ತಿನಲ್ಲಿ (2019–21) 1.7. ಜನಸಂಖ್ಯೆ ಸ್ಥಿರವಾಗಿ ಉಳಿಯಲು ಬೇಕಾದ ಮಟ್ಟ 2.1.

ಈ ಇಳಿಕೆಯ ಭಾರ ಹೊತ್ತವರು ಯಾರು? ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ವಿವಾಹಿತ ಮಹಿಳೆಯರ ಪ್ರಮಾಣ ರಾಜ್ಯದಲ್ಲಿ ನಾಲ್ಕನೇ ಸುತ್ತಿನಲ್ಲಿ ಶೇ 48.6, ಐದನೆಯದರಲ್ಲಿ ಶೇ 57.4. ಪುರುಷರದ್ದು ಶೇ 0.1ರಿಂದ 0.0ಗೆ ಇಳಿದಿದೆ. ಪುರುಷರ ಶಸ್ತ್ರಚಿಕಿತ್ಸೆ ಹೆಚ್ಚು ಸರಳ ಎಂಬುದನ್ನು ಇಲ್ಲಿ ನೆನೆಯಬೇಕು.

ಮಹಿಳೆಯರ ಸ್ಥಿತಿಯ ಇನ್ನೊಂದು ಅಳತೆ ಓದು. ಜಿಲ್ಲೆಯ ಮಹಿಳಾ ಸಾಕ್ಷರತೆ 2001ರಲ್ಲಿ ಶೇ 52.32, 2011ರಲ್ಲಿ ಶೇ 64.58. ಏರಿಕೆ 12.26 ಅಂಶ, ಪುರುಷರದ್ದು 6.50. ಅಂತರ 23.38ರಿಂದ 17.62ಕ್ಕೆ ತಗ್ಗಿತು. ಆದರೆ 18 ತುಂಬುವ ಮೊದಲೇ ಮದುವೆಯಾದವರ (20–24 ವಯಸ್ಸಿನ ಮಹಿಳೆಯರಲ್ಲಿ) ಪ್ರಮಾಣ ರಾಜ್ಯದಲ್ಲಿ ಸಮೀಕ್ಷೆಯ ಅದೇ ಎರಡು ಸುತ್ತುಗಳ ನಡುವೆ ಶೇ 21.4ರಿಂದ 21.3ಕ್ಕೆ ಬಂದಿದೆ, ಅಂದರೆ ಇದ್ದಲ್ಲೇ ಇದೆ.

ಇನ್ನು ನೀರು. ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯದ ಸಾಮರ್ಥ್ಯ 51 ಟಿಎಂಸಿ ಅಡಿ; ಒಂದು ಟಿಎಂಸಿ ಅಡಿ ಎಂದರೆ ಸುಮಾರು 2,832 ಕೋಟಿ ಲೀಟರ್. ಜಲಜೀವನ ಮಿಷನ್ ಗ್ರಾಮೀಣ ಮನೆಗಳಿಗೆ ನಿಗದಿ ಮಾಡಿದ್ದು ತಲಾ ದಿನಕ್ಕೆ 55 ಲೀಟರ್. ಆ ಲೆಕ್ಕದಲ್ಲಿ ಹತ್ತು ವರ್ಷದಲ್ಲಿ ಕೂಡಿದ ಅಷ್ಟೂ ಜನರಿಗೆ ವರ್ಷಕ್ಕೆ ಬೇಕಾದದ್ದು 1,135 ಕೋಟಿ ಲೀಟರ್, ಅಂದರೆ 0.40 ಟಿಎಂಸಿ ಅಡಿ. ಜಲಾಶಯದ ಸಾಮರ್ಥ್ಯದ ಶೇ 0.8ಕ್ಕೂ ಕಡಿಮೆ.

ಕಬ್ಬಿಗೆ ಒಂದು ಬೆಳೆಯ ಅವಧಿಗೆ 1,500ರಿಂದ 2,500 ಮಿಲಿಮೀಟರ್ ನೀರು ಬೇಕು. ಕನಿಷ್ಠವನ್ನೇ ಹಿಡಿದರೂ ಎಕರೆಗೆ 60.7 ಲಕ್ಷ ಲೀಟರ್; 302 ಜನರ ವರ್ಷದ ಮನೆಬಳಕೆ. 5.65 ಲಕ್ಷ ಜನರ ನೀರು ಸುಮಾರು 1,870 ಎಕರೆ ಕಬ್ಬಿಗೆ ಸಮ. ಕಬ್ಬಿನ ನೀರಿನಲ್ಲಿ ಅರ್ಧ ಮಳೆಯಿಂದಲೇ ಬಂತೆಂದು ಬಿಟ್ಟರೆ 3,740 ಎಕರೆ. ಜಿಲ್ಲೆಯಲ್ಲಿ ಕಬ್ಬಿನ ವಿಸ್ತೀರ್ಣವನ್ನು ಎಣಿಸುವುದು ಲಕ್ಷ ಎಕರೆಗಳಲ್ಲಿ.

ಈ ನೀರು ತರುವ ಹಣ ಎಷ್ಟು? ಕಬ್ಬಿಗೆ ಕೇಂದ್ರ ನಿಗದಿಪಡಿಸುವ ಎಫ್‌ಆರ್‌ಪಿ, ಅಂದರೆ ಕಾರ್ಖಾನೆಗಳು ಕೊಡಲೇಬೇಕಾದ ಕನಿಷ್ಠ ದರ, 2024–25ರಲ್ಲಿ ಟನ್ನಿಗೆ ₹3,400 ಇದ್ದದ್ದು 2025–26ಕ್ಕೆ ₹3,550 ಆಯಿತು. ಏರಿಕೆ ಶೇ 4.4. ಮೂಡಲಗಿ ತಾಲ್ಲೂಕಿನ ಗುರ್ಲಾಪುರದಲ್ಲಿ 2025ರ ನವೆಂಬರ್‌ನಲ್ಲಿ ಧರಣಿ ಕೂತ ರೈತರು ಕೇಳಿದ್ದು, ಆ ಕನಿಷ್ಠ ದರದೊಳಗೆ ಸೇರುವ ಕಟಾವು, ಸಾಗಾಟದ ವೆಚ್ಚ ಬಿಟ್ಟು, ₹3,500. ಅದೇ ಲೆಕ್ಕದಲ್ಲಿ ₹3,300ಕ್ಕೆ ತೀರ್ಮಾನವಾಯಿತು. ಎಕರೆಗೆ 40 ಟನ್ ಎಂದರೆ ₹1,32,000: ರೂಪಾಯಿಗೆ 46 ಲೀಟರ್ ನೀರು. ದರ ಟನ್ನಿಗೆ, ಉಳಿಸಿದ ನೀರಿಗೆ ಬೆಲೆ ಇಲ್ಲ.

ಈ ಹಣ ಕಬ್ಬು ಪೂರೈಸಿದವರ ಖಾತೆಗೆ ಹೋಗುತ್ತದೆ. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲು ಕೊಡುವ ಕಾನೂನು ಕರ್ನಾಟಕದಲ್ಲಿ 1994ರಲ್ಲೇ ಜಾರಿಗೆ ಬಂತು, ದೇಶದಲ್ಲಿ 2005ರಲ್ಲಿ. ಆದರೂ ಮಹಿಳೆಯರು ನಡೆಸುವ ಕೃಷಿ ಹಿಡುವಳಿಗಳ ಪಾಲು ದೇಶದಲ್ಲಿ 2010–11ರಲ್ಲಿ ಶೇ 12.79, 2015–16ರಲ್ಲಿ ಸುಮಾರು ಶೇ 14. ಯಾವ ಬೆಳೆ, ಎಷ್ಟು ನೀರು ಎಂಬ ತೀರ್ಮಾನ ಆಗುವುದು ಬಹುಪಾಲು ಉಳಿದ ಶೇ 86ರಲ್ಲಿ.