ಪರಿವರ್ತಕದ ಕಾವಲು

ಕೊಳ್ಳೇಗಾಲವು ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಗೂ, ನೆರೆಯ ಯಳಂದೂರು ಮೈಸೂರು ಸಂಸ್ಥಾನಕ್ಕೂ ಸೇರಿದ್ದ ಕಾಲದಲ್ಲಿ, ಅಂದರೆ 1902ರಲ್ಲಿ, ಈ ಸೀಮೆಯ ಅಂಚಿನ ಶಿವನಸಮುದ್ರದಲ್ಲಿ ಕಾವೇರಿಯ ಜಲಪಾತದಿಂದ ಹುಟ್ಟಿದ ವಿದ್ಯುತ್ತು ಸುಮಾರು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗಳನ್ನು ತಲಪಿತು. ಇಷ್ಟು ದೂರದ ಪ್ರಯಾಣಕ್ಕೆ ಹೊರಡುವಲ್ಲಿ ವೋಲ್ಟೇಜನ್ನು ಏರಿಸಿ, ಸೇರುವಲ್ಲಿ ಇಳಿಸುವ ಪರಿವರ್ತಕ, ಅಂದರೆ ಟ್ರಾನ್ಸ್‌ಫಾರ್ಮರು, ಅನಿವಾರ್ಯ. ಅಂಥ ಯಂತ್ರಗಳನ್ನು ಕಾಯುವ ಒಂದು ಸರಳೋಪಾಯಕ್ಕೆ ಇಂಗ್ಲೆಂಡಿನ ಮೆರ್ಜ್ ಮತ್ತು ಪ್ರೈಸ್ ಎಂಬಿಬ್ಬರು ಪೇಟೆಂಟು ಪಡೆದುದು 1904ರಲ್ಲಿ.

ಕೊಳ್ಳೇಗಾಲದ ನೇಕಾರನಿಗೆ ತೂಗಿಕೊಟ್ಟ ರೇಷ್ಮೆಯನ್ನು ಮರಳಿ ಬಂದ ಸೀರೆಯ ತೂಕದೊಡನೆ ತಾಳೆ ನೋಡುವಂತೆ, ಒಳಹೊಕ್ಕ ಕರೆಂಟನ್ನೂ ಹೊರಬಿದ್ದ ಕರೆಂಟನ್ನೂ ಹೋಲಿಸಿ, ವ್ಯತ್ಯಾಸ ಕಂಡರೆ ದೋಷವು ಒಳಗೇ ಇದೆಯೆಂದು ನಿರ್ಣಯಿಸಿ, ರಿಲೇ ಎಂಬ ಕಾವಲು ಸಾಧನವು ಕ್ಷಣಾರ್ಧದಲ್ಲಿ ಬ್ರೇಕರನ್ನು ಟ್ರಿಪ್ ಮಾಡಿಸಿ ವಿದ್ಯುತ್ತನ್ನು ಕಡಿಯುವುದೇ ಆ ಉಪಾಯ. ಆದರೆ ಪರಿವರ್ತಕದ ಎರಡು ಕಡೆಯ ಲೆಕ್ಕಗಳು ನಿರ್ದೋಷ ಸ್ಥಿತಿಯಲ್ಲಿಯೂ ಹಾಗೆಯೇ ಹೊಂದುವುದಿಲ್ಲ. 66 ಕಿಲೋವೋಲ್ಟನ್ನು 11ಕ್ಕೆ ಇಳಿಸುವಲ್ಲಿ ಕರೆಂಟು ಆರು ಪಟ್ಟಾಗುವುದು. ಇದನ್ನು ಭಾಗಾಕಾರದಿಂದ ಸರಿಪಡಿಸಬಹುದು. ಒಂದು ಕಡೆಯ ಸುರುಳಿಗಳನ್ನು ಡೆಲ್ಟಾ ರೀತಿಯಲ್ಲಿಯೂ ಇನ್ನೊಂದು ಕಡೆಯವನ್ನು ಸ್ಟಾರ್ ರೀತಿಯಲ್ಲಿಯೂ ಜೋಡಿಸಿದ್ದರೆ, ಎರಡು ಕಡೆಯ ಅಲೆಗಳು 30 ಡಿಗ್ರಿಯಷ್ಟು ಹಿಂದುಮುಂದಾಗುತ್ತವೆ. ಪ್ರಮಾಣದಲ್ಲಿ ಸಮವಾದ ಎರಡು ಕರೆಂಟುಗಳನ್ನು ಈ ಕೋನವನ್ನು ಗಣಿಸದೆ ಕಳೆದರೆ, ಅವುಗಳ ಶೇಕಡ 52ರಷ್ಟು ಸುಳ್ಳು ವ್ಯತ್ಯಾಸ ಹುಟ್ಟುತ್ತದೆ. ಆರೋಗ್ಯವಾದ ಯಂತ್ರವನ್ನು ರೋಗಿಯೆಂದು ಸಾರಲು ಇಷ್ಟು ಧಾರಾಳವಾಗಿ ಸಾಕು.

ಇದಕ್ಕಿಂತ ಸೂಕ್ಷ್ಮವಾದುದು ಭೂಮಿಯ ಪಾತ್ರ. ಹನೂರಿನ ಕಾಡಂಚಿನಲ್ಲೋ ಬಿಳಿಗಿರಿಯ ತಪ್ಪಲಿನಲ್ಲೋ ಗಾಳಿಮಳೆಗೆ ಕೊಂಬೆ ಮುರಿದು 11 ಕಿಲೋವೋಲ್ಟಿನ ಒಂದೇ ತಂತಿಯು ನೆಲವನ್ನು ಮುಟ್ಟಿತೆನ್ನಿ. 1918ರಲ್ಲಿ ಫೋರ್ಟೆಸ್ಕ್ಯೂ ತೋರಿಸಿಕೊಟ್ಟ ವಿಶ್ಲೇಷಣೆಯಂತೆ, ಆಗಿನ ಕರೆಂಟಿನಲ್ಲಿ ಮೂರು ಫೇಸುಗಳಲ್ಲಿಯೂ ಏಕಕಾಲಕ್ಕೆ ಏರಿ ಏಕಕಾಲಕ್ಕೆ ಇಳಿಯುವ ಒಂದು ಅಂಶವಿರುತ್ತದೆ, ಅದೇ ಶೂನ್ಯಾನುಕ್ರಮ. ಸ್ಟಾರ್ ಕಡೆಯಲ್ಲಿ ಅದು ಅರ್ತ್ ಮಾಡಿದ ನ್ಯೂಟ್ರಲಿನ ಮೂಲಕ ಹರಿಯುತ್ತದೆ. ಡೆಲ್ಟಾ ಕಡೆಯಲ್ಲಿ ಸುರುಳಿಗಳೊಳಗೇ ಸುತ್ತುತ್ತಿದ್ದು ಹೊರಗಿನ ಲೈನಿಗೆ ಬಾರದು. ಹೀಗೆ ಒಂದೇ ಕಡೆಯಲ್ಲಿ ಕಾಣುವ ಈ ಅಂಶವನ್ನು ರಿಲೇಯು ಒಳಗಿನ ದೋಷವೆಂದೇ ಬಗೆದೀತು. ದೋಷ ಕಾಡಿನಲ್ಲಿ, ಶಿಕ್ಷೆ ಪರಿವರ್ತಕಕ್ಕೆ ಎಂಬಂತಾದರೆ, ಒಂದು ಕೊಂಬೆಗಾಗಿ ಊರೂರುಗಳೇ ಕತ್ತಲಾಗುವುವು.

ಹಿಂದಿನ ಎಂಜಿನಿಯರರು ರಿಲೇಗಾಗಿ ಕರೆಂಟನ್ನು ಅಳೆದುಕೊಡುವ ಸಿ.ಟಿ.ಗಳನ್ನು, ಅಂದರೆ ಕರೆಂಟ್ ಟ್ರಾನ್ಸ್‌ಫಾರ್ಮರುಗಳನ್ನು, ಸ್ಟಾರ್ ಕಡೆಯಲ್ಲಿ ಡೆಲ್ಟಾ ರೀತಿಯಲ್ಲಿ ಜೋಡಿಸಿ, ಕೋನವನ್ನೂ ಶೂನ್ಯಾನುಕ್ರಮವನ್ನೂ ಒಂದೇ ಏಟಿಗೆ ಪರಿಹರಿಸಿದರು. ಅವರ ಚಾತುರ್ಯವನ್ನು ಮೆಚ್ಚದಿರಲಾಗದು. ಇಂದಿನ ಅಂಕೀಯ ರಿಲೇಯು ಅದೇ ಕೆಲಸವನ್ನು ತನ್ನೊಳಗಿನ ಗಣಿತದಿಂದಲೇ ಮಾಡುತ್ತದೆ: ಕೋನವನ್ನು ತಿರುಗಿಸುತ್ತದೆ, ಮೂರು ಫೇಸುಗಳ ಸರಾಸರಿಯನ್ನು ಪ್ರತಿಯೊಂದರಿಂದಲೂ ಕಳೆಯುತ್ತದೆ. ಈ ಕಳೆಯುವಿಕೆಯಲ್ಲಿ ನಷ್ಟವೂ ಉಂಟು. ಒಂದು ಫೇಸಿನ ಭೂದೋಷವು ಪರಿವರ್ತಕದ ಒಳಗೇ ಸಂಭವಿಸಿದಾಗಲೂ ಅದರ ಒಂದು ಪಾಲು ರಿಲೇಯ ಕಣ್ಣಿಗೆ ಮರೆಯಾಗುತ್ತದೆ; ನ್ಯೂಟ್ರಲಿಗೆ ಸಮೀಪದ ಸುರುಳಿಗಳಲ್ಲಿ ದೋಷವಿದ್ದರಂತೂ ಲೈನಿನಲ್ಲಿ ಕಾಣುವ ಬದಲಾವಣೆ ಮೊದಲೇ ಅತ್ಯಲ್ಪ. ಆದುದರಿಂದಲೇ ನ್ಯೂಟ್ರಲಿನ ಕರೆಂಟನ್ನು ಪ್ರತ್ಯೇಕವಾಗಿ ಅಳೆದು ಹೋಲಿಸುವ ಸೀಮಿತ ಭೂದೋಷ ರಕ್ಷಣೆಯನ್ನು ದೊಡ್ಡ ಪರಿವರ್ತಕಗಳಿಗೆ ಜೊತೆಗೂಡಿಸುವರು. ಅದನ್ನು ಕೈಬಿಟ್ಟು ಹಣ ಉಳಿಸುವುದು ಮಿತವ್ಯಯವಲ್ಲ.