ಶುಗರ್: ಕೋಡಿ ಬೀಳೋ ತನಕ ಗೊತ್ತಾಗಲ್ಲ

ರಾಮನಗರದಲ್ಲಿ ನಮ್ಮ ದೊಡ್ಡಪ್ಪ ರೇಷ್ಮೆ ರೀಲರ್. ಬೆಳಿಗ್ಗೆ ಗೂಡಿನ ಮಾರ್ಕೆಟ್, ಆಮೇಲೆ ಸಂಜೆವರೆಗೂ ಬಿಸಿನೀರಲ್ಲಿ ಬೇಯುವ ಗೂಡುಗಳ ಪಕ್ಕದಲ್ಲೇ ಕೆಲಸ. ಹೋದ ವರ್ಷ ಅವರ ಬಲಗೈ ಬೆರಳಲ್ಲಿ ಒಂದು ಸಣ್ಣ ಗಾಯ ಆಗಿ, ಮೂರು ವಾರ ಕಳೆದರೂ ಒಣಗಲಿಲ್ಲ. ಮನೆಯಲ್ಲಿ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ರೀಲಿಂಗ್ ಮಾಡೋರ ಕೈ ಯಾವತ್ತು ನೆಟ್ಟಗಿತ್ತು ಹೇಳಿ? ನೀರು ಜಾಸ್ತಿ ಕುಡೀತಿದ್ರು. ಆ ಬಿಸಿಗೆ ಯಾರಾದ್ರೂ ಕುಡೀತಾರೆ. ಮನೆಗೆ ಬಂದ ತಕ್ಷಣ ಮಲಗಿಬಿಡ್ತಿದ್ರು, ದಿನವಿಡೀ ದುಡಿದಿದ್ದಾರಲ್ಲ. ಕೊನೆಗೆ ಟಿಟಿ ಇಂಜೆಕ್ಷನ್ ಹಾಕಿಸಿಕೊಳ್ಳೋಣ ಅಂತ ಆರೋಗ್ಯ ಕೇಂದ್ರಕ್ಕೆ ಹೋದಾಗ ನರ್ಸ್ ಬೆರಳು ಚುಚ್ಚಿ ನೋಡಿದರು: 312. ಆಮೇಲೆ ಕಣ್ಣು ಪರೀಕ್ಷೆ ಮಾಡಿಸಿದರೆ ರೆಟಿನಾದಲ್ಲಿ ಆಗಲೇ ಸಣ್ಣ ಸಣ್ಣ ರಕ್ತದ ಚುಕ್ಕಿಗಳು. "ಇದು ನಿನ್ನೆ ಮೊನ್ನೆ ಬಂದಿದ್ದಲ್ಲ, ವರ್ಷಗಳಿಂದ ಇದೆ" ಅಂದರು ಡಾಕ್ಟರ್.

ವರ್ಷಗಳಿಂದ ಇದ್ದದ್ದು ಒಬ್ಬರಿಗೂ ಕಾಣಲಿಲ್ಲ ಅನ್ನೋದೇ ನನ್ನ ತಲೆ ಕೊರೆದದ್ದು. ಯೋಚನೆ ಮಾಡಿದರೆ ನಮ್ಮ ಕಡೆ ಪ್ರತಿ ಲಕ್ಷಣಕ್ಕೂ ಒಂದು ರೆಡಿಮೇಡ್ ಕಾರಣ ಇದೆ. ಕನಕಪುರದ ಕಡೆ ಹುಳ ಸಾಕೋರು ನಾಲ್ಕನೇ ಜ್ವರ ಎದ್ದ ಮೇಲೆ ರಾತ್ರಿಯೆಲ್ಲ ಎದ್ದೆದ್ದು ಸೊಪ್ಪು ಹಾಕುತ್ತಾರೆ. ಜೊತೆಗೆ ಎರಡು ಸಲ ಮೂತ್ರಕ್ಕೆ ಹೋಗಿಬಂದರೆ ಯಾರು ಲೆಕ್ಕ ಇಡ್ತಾರೆ? ಚನ್ನಪಟ್ಟಣದಲ್ಲಿ ಬೊಂಬೆ ಲೇತ್ ಮುಂದೆ ಕೂರೋರಿಗೆ ಕಣ್ಣು ಮಂಜಾದರೆ ಮರದ ಪುಡಿ. ಮಾಗಡಿಯಿಂದ ದಿನಾ ಬೆಂಗಳೂರಿಗೆ ಬಸ್ಸಲ್ಲಿ ಹೋಗಿಬರೋರಿಗೆ ಸುಸ್ತಾದರೆ ಟ್ರಾಫಿಕ್. ಇದೆಲ್ಲದರ ಮೇಲೆ "ಮುದ್ದೆ ತಿನ್ನೋರಿಗೆ ಶುಗರ್ ಬರಲ್ಲ" ಅನ್ನೋ ಧೈರ್ಯ ಬೇರೆ. ಬಿಳಿ ಅನ್ನಕ್ಕಿಂತ ರಾಗಿಯಲ್ಲಿ ನಾರು ಜಾಸ್ತಿ, ನಿಜ. ಆದರೆ 100 ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 70 ಗ್ರಾಂ ಕಾರ್ಬೋಹೈಡ್ರೇಟೇ. ಹೊಲದಲ್ಲಿ ದುಡಿದು ಎರಡು ಮುದ್ದೆ ತಿಂದ ತಾತನಿಗೂ, ಅಂಗಡಿ ಗಲ್ಲಾ ಮುಂದೆ ಕೂತು ಎರಡು ಮುದ್ದೆ ತಿನ್ನೋ ಮೊಮ್ಮಗನಿಗೂ ಲೆಕ್ಕ ಒಂದೇ ಅಲ್ಲ.

ಲಕ್ಷಣ ತಡವಾಗಿ ಕಾಣೋದಕ್ಕೆ ದೇಹದೊಳಗೇ ಇನ್ನೊಂದು ಕಾರಣ ಇದೆ, ಅದು ನಮಗೆ ಸುಲಭವಾಗಿ ಅರ್ಥವಾಗುವಂಥದ್ದು. ಕಿಡ್ನಿ ರಕ್ತವನ್ನು ಸೋಸುವಾಗ ಗ್ಲೂಕೋಸೂ ಸೋಸಿ ಹೊರಬರುತ್ತೆ, ಆದರೆ ಮುಂದಿನ ನಳಿಕೆಗಳು ಅದನ್ನು ವಾಪಸ್ ಹೀರಿಕೊಂಡು ರಕ್ತಕ್ಕೆ ಕೊಡುತ್ತವೆ. ಈ ಹೀರುವ ಕೆಲಸಕ್ಕೆ ಒಂದು ಮಿತಿ ಇದೆ. ರಕ್ತದಲ್ಲಿ ಗ್ಲೂಕೋಸ್ ಡೆಸಿಲೀಟರ್‌ಗೆ ಸುಮಾರು 180 ಮಿಲಿಗ್ರಾಂ ದಾಟಿದ ಮೇಲೆ ಮಿತಿ ಮೀರಿ, ಕೆರೆ ಕೋಡಿ ಬಿದ್ದ ಹಾಗೆ ಸಕ್ಕರೆ ಮೂತ್ರಕ್ಕೆ ಹರಿಯುತ್ತೆ. ಸಕ್ಕರೆ ತನ್ನ ಜೊತೆ ನೀರನ್ನೂ ಎಳೆದುಕೊಂಡು ಹೋಗುತ್ತೆ. ಪದೇ ಪದೇ ಮೂತ್ರ, ಅದರಿಂದ ಬಾಯಾರಿಕೆ, ಕ್ಯಾಲರಿ ಸೋರಿಹೋಗಿ ತೂಕ ಇಳಿಕೆ, ಹಸಿವು, ಇವೆಲ್ಲ ಕೋಡಿ ಬಿದ್ದ ಮೇಲಿನ ಕಥೆ. ಆದರೆ ಖಾಲಿ ಹೊಟ್ಟೆಯಲ್ಲಿ 126 ಮುಟ್ಟಿದರೇ ಅದು ಡಯಾಬಿಟಿಸ್. ಕೋಡಿ ಇರೋದು 180ರಲ್ಲಿ. ಈ ನಡುವಿನ ಅಂತರದಲ್ಲಿ ಮನುಷ್ಯ ವರ್ಷಗಟ್ಟಲೆ "ಆರಾಮಾಗಿದ್ದೀನಿ" ಅಂತ ಓಡಾಡ್ತಾನೆ. ಒಳಗೆ ಕಣ್ಣು, ಕಿಡ್ನಿ, ಪಾದದ ನರಗಳ ಸಣ್ಣ ರಕ್ತನಾಳಗಳು ಹಾಳಾಗ್ತಾ ಇರುತ್ತವೆ. ಬ್ರಿಟನ್ನಿನ ಯುಕೆಪಿಡಿಎಸ್ ಅನ್ನೋ ದೊಡ್ಡ ಅಧ್ಯಯನದಲ್ಲಿ, ಕಾಯಿಲೆ ಪತ್ತೆಯಾದ ದಿನವೇ ಹೆಚ್ಚುಕಡಿಮೆ ಅರ್ಧದಷ್ಟು ಜನರಲ್ಲಿ ಇಂಥ ಹಾನಿ ಆಗಲೇ ಶುರುವಾಗಿತ್ತು. ದೊಡ್ಡಪ್ಪ ಒಬ್ಬರೇ ಅಲ್ಲ.

ಹಾಗಾದರೆ ಬೇಗ ಕಾಣೋ ಗುರುತು ಏನೂ ಇಲ್ವಾ? ಒಂದಿದೆ, ಅದನ್ನು ಹಾಸ್ಟೆಲಲ್ಲೂ ನೋಡಿರ್ತೀರಿ. ಕತ್ತಿನ ಹಿಂದೆ, ಕಂಕುಳಲ್ಲಿ ಮಖಮಲ್ಲಿನ ಥರ ದಪ್ಪಗೆ, ಕಪ್ಪಗೆ ಆಗಿರೋ ಚರ್ಮ. ಎಷ್ಟು ಉಜ್ಜಿದರೂ ಹೋಗಲ್ಲ, ಯಾಕೆಂದರೆ ಅದು ಕೊಳೆ ಅಲ್ಲ. ಇನ್ಸುಲಿನ್ ಮಾತನ್ನು ದೇಹ ಸರಿಯಾಗಿ ಕೇಳ್ತಿಲ್ಲ, ಅದಕ್ಕೆ ಪ್ಯಾಂಕ್ರಿಯಾಸ್ ಜಾಸ್ತಿ ಜಾಸ್ತಿ ಇನ್ಸುಲಿನ್ ಸುರೀತಿದೆ ಅನ್ನೋದರ ಸೂಚನೆ ಅದು. ಫ್ರೆಂಡ್‌ಗೆ ಇದ್ದರೆ ಗೇಲಿ ಮಾಡೋ ಬದಲು ಟೆಸ್ಟ್ ಮಾಡಿಸು ಅನ್ನಿ. ಪದೇ ಪದೇ ಬರೋ ಫಂಗಸ್, ಪಾದ ಜೋಮು ಹಿಡಿಯೋದು, ಕನ್ನಡಕದ ನಂಬರ್ ಕೆಲವೇ ವಾರಗಳಲ್ಲಿ ಬದಲಾಗೋದು, ಇವನ್ನೂ ಕಡೆಗಣಿಸಬೇಡಿ.

ನಮ್ಮ ವಯಸ್ಸಿನವರು ಗಮನಿಸಬೇಕಾದ ಇನ್ನೊಂದು ವಿಷಯ ಟೈಪ್ 1. ಇಲ್ಲಿ ದೇಹವೇ ತನ್ನ ಇನ್ಸುಲಿನ್ ಕೋಶಗಳನ್ನು ಹಾಳುಮಾಡಿಕೊಳ್ಳುತ್ತೆ. ತಿಂದ ಸಿಹಿಗೂ ಇದಕ್ಕೂ ಸಂಬಂಧ ಇಲ್ಲ. ವರ್ಷಗಳಲ್ಲ, ಕೆಲವೇ ವಾರಗಳಲ್ಲಿ ವಿಪರೀತ ಬಾಯಾರಿಕೆ, ಮೂತ್ರ, ಪ್ಯಾಂಟ್ ಜಾರೋ ಹಾಗೆ ತೂಕ ಇಳಿಕೆ. ಜೊತೆಗೆ ವಾಂತಿ, ಹೊಟ್ಟೆನೋವು, ಜೋರು ಜೋರು ಉಸಿರು, ಉಸಿರಲ್ಲಿ ಹಣ್ಣಿನಂಥ ವಾಸನೆ ಸೇರಿದರೆ ಅದು ಎಮರ್ಜೆನ್ಸಿ. "ಇಂಟರ್ನಲ್ಸ್ ಮುಗಿಲಿ" ಅಂತ ಕಾಯಬೇಡಿ, ಆಗಿಂದಾಗಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ತಡವಾದರೆ ಜೀವಕ್ಕೇ ಅಪಾಯ.

ಈಗ ಟೆಸ್ಟ್ ವಿಷಯ. ಕನಿಷ್ಠ 8 ಗಂಟೆ ಏನೂ ತಿನ್ನದೆ (ಕಾಫಿಯೂ ಇಲ್ಲ, ನೀರು ಪರವಾಗಿಲ್ಲ) ಕೊಟ್ಟ ರಕ್ತದಲ್ಲಿ 126 ಅಥವಾ ಮೇಲೆ, 75 ಗ್ರಾಂ ಗ್ಲೂಕೋಸ್ ಕುಡಿದು ಎರಡು ಗಂಟೆಯ ನಂತರ 200 ಅಥವಾ ಮೇಲೆ, ಎಚ್‌ಬಿಎ1ಸಿ 6.5 ಶೇಕಡಾ ಅಥವಾ ಮೇಲೆ. ಲಕ್ಷಣ ಏನೂ ಇಲ್ಲದಿದ್ದರೆ ಒಂದೇ ರಿಪೋರ್ಟ್ ನೋಡಿ ತೀರ್ಮಾನ ಮಾಡಲ್ಲ, ಎರಡನೇ ಫಲಿತಾಂಶವೂ ಬೇಕು. ಲಕ್ಷಣ ಸ್ಪಷ್ಟವಾಗಿದ್ದು ಯಾವ ಹೊತ್ತಿನ ರಕ್ತದಲ್ಲಾದರೂ 200 ದಾಟಿದರೆ ಅಷ್ಟೇ ಸಾಕು.

ಮನೆಯ ಗ್ಲುಕೋಮೀಟರ್ ಸಾಲದಾ ಅಂತ ಕೇಳ್ತೀರಿ. ಅದು ಚಂದದ ಯಂತ್ರ, ಇಸಿ ಬ್ರಾಂಚಿನವರಿಗೆ ಇಷ್ಟ ಆಗುತ್ತೆ: ಪಟ್ಟಿಯ ಮೇಲಿನ ಕಿಣ್ವ ಗ್ಲೂಕೋಸ್ ಜೊತೆ ವರ್ತಿಸಿ ಎಲೆಕ್ಟ್ರಾನ್ ಬಿಡುಗಡೆ ಆಗುತ್ತೆ, ಆ ಪುಟ್ಟ ಕರೆಂಟನ್ನು ಅಳೆದು ಸಂಖ್ಯೆ ಮಾಡ್ತಾರೆ. ಆದರೆ ಟಾಲರೆನ್ಸ್ ನೋಡಿ. ಐಎಸ್‌ಒ 15197 ಪ್ರಕಾರ 100ರ ಮೇಲೆ 95 ಶೇಕಡಾ ರೀಡಿಂಗ್‌ಗಳು ±15 ಶೇಕಡಾ ಒಳಗೆ ಇದ್ದರೆ ಮೀಟರ್ ಪಾಸ್. ಅಂದರೆ ನಿಜವಾದ ಮಟ್ಟ 126 ಇದ್ದಾಗ ಅದು 107 ತೋರಿಸಿದರೂ ಸರಿ, 145 ತೋರಿಸಿದರೂ ಸರಿ! ಬಾಳೆಹಣ್ಣು ಸುಲಿದ ಕೈ ತೊಳೆಯದೆ ಚುಚ್ಚಿದರೆ ಇನ್ನೂ ಜಾಸ್ತಿ ಬರುತ್ತೆ. ಕಾಯಿಲೆ ಇರೋರು ದಿನಾ ನೋಡಿಕೊಳ್ಳೋಕೆ, ಅನುಮಾನ ಹುಟ್ಟಿಸೋಕೆ ಅದು ಸಾಕು. ಇದೆಯೋ ಇಲ್ಲವೋ ಅಂತ ತೀರ್ಮಾನಿಸೋಕೆ ಲ್ಯಾಬಿನಲ್ಲಿ ರಕ್ತ ಕೊಡಲೇಬೇಕು.

ಇನ್ನು ನಮ್ಮ ಹಿರಿಯರ ಟ್ರಿಕ್ ಒಂದಿದೆ. ಟೆಸ್ಟ್‌ಗೆ ಎರಡು ದಿನ ಮುಂಚೆಯಿಂದ ಪಥ್ಯ ಮಾಡಿ, ನಾರ್ಮಲ್ ಬಂತು ಅಂತ ಮನೆಗೆ ಬಂದು ಒಬ್ಬಟ್ಟು ತಿನ್ನೋದು. ಎಚ್‌ಬಿಎ1ಸಿ ಹತ್ರ ಈ ಆಟ ನಡೆಯಲ್ಲ. ಕೆಂಪು ರಕ್ತಕಣ ಸುಮಾರು 120 ದಿನ ಬದುಕುತ್ತೆ, ಅಷ್ಟು ದಿನ ಅದರ ಹಿಮೋಗ್ಲೋಬಿನ್‌ಗೆ ಅಂಟಿದ ಗ್ಲೂಕೋಸನ್ನೇ ಇದು ಅಳೆಯೋದು, ಹಾಗಾಗಿ ಎರಡು ಮೂರು ತಿಂಗಳ ಸರಾಸರಿ ಸಿಗುತ್ತೆ. ಇದಕ್ಕೂ ಒಂದು ದೋಷ ಇದೆ: ಕಬ್ಬಿಣದ ಕೊರತೆಯ ರಕ್ತಹೀನತೆ ಇದ್ದರೆ ಸುಳ್ಳೇ ಜಾಸ್ತಿ ತೋರಿಸಬಹುದು. ನಮ್ಮ ಅಮ್ಮಂದಿರಲ್ಲಿ ಅದು ಕಡಿಮೆ ಏನಿಲ್ಲ, ಹಾಗಾಗಿ ಅವರಿಗೆ ಖಾಲಿ ಹೊಟ್ಟೆ ಟೆಸ್ಟನ್ನೂ ಜೊತೆಗೆ ಮಾಡಿಸಿ.

ಖರ್ಚಿನ ಚಿಂತೆ ಬೇಡ. 30 ದಾಟಿದವರಿಗೆ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲೂ, ತಾಲ್ಲೂಕು ಮತ್ತು ಜಿಲ್ಲಾ ಆಸ್ಪತ್ರೆಯ ಎನ್‌ಸಿಡಿ ಕ್ಲಿನಿಕ್‌ಗಳಲ್ಲೂ ಬಿಪಿ, ಶುಗರ್ ಉಚಿತವಾಗಿ ನೋಡ್ತಾರೆ. ಗೃಹ ಆರೋಗ್ಯ ಯೋಜನೆಯಲ್ಲಿ ಮನೆ ಬಾಗಿಲಿಗೇ ಬರ್ತಾರೆ, ಬಂದಾಗ "ನಮಗೇನಿಲ್ಲ ಹೋಗಮ್ಮ" ಅಂತ ಕಳಿಸದಂತೆ ನೋಡಿಕೊಳ್ಳಿ.

ಯಾರನ್ನು ಮೊದಲು ಕರೆದುಕೊಂಡು ಹೋಗಬೇಕು ಅನ್ನೋದಕ್ಕೆ ಚೆನ್ನೈನ ಮದ್ರಾಸ್ ಡಯಾಬಿಟಿಸ್ ರಿಸರ್ಚ್ ಫೌಂಡೇಶನ್‌ನವರು ಮಾಡಿದ ಒಂದು ಸ್ಕೋರ್ ಇದೆ, ಟೇಪ್ ಒಂದಿದ್ದರೆ ಸಾಕು. ವಯಸ್ಸು 35ರಿಂದ 49 ಆದರೆ 20, 50 ಮತ್ತು ಮೇಲೆ 30. ಸೊಂಟ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಮುಟ್ಟಿದರೆ 10. ಅದಕ್ಕಿಂತ 10 ಸೆಂ.ಮೀ. ಹೆಚ್ಚಾದರೆ 20. ವ್ಯಾಯಾಮವೂ ಇಲ್ಲ, ಕೂತೇ ಕೆಲಸ ಅಂದರೆ 30. ಎರಡರಲ್ಲಿ ಒಂದು ಇದ್ದರೆ 20. ಅಪ್ಪ ಅಮ್ಮನಲ್ಲಿ ಒಬ್ಬರಿಗೆ ಇದ್ದರೆ 10, ಇಬ್ಬರಿಗೂ ಇದ್ದರೆ 20. ಒಟ್ಟು 60 ಅಥವಾ ಮೇಲೆ ಬಂದರೆ ಅಪಾಯ ಹೆಚ್ಚು, ತಕ್ಷಣ ಟೆಸ್ಟ್.

ಚನ್ನಪಟ್ಟಣದಲ್ಲಿ ಅಂಗಡಿ ಇಟ್ಟಿರೋ ನಮ್ಮಪ್ಪನಿಗೆ 47 ವರ್ಷ, ಸೊಂಟ 96, ಓಡಾಟ ಇಲ್ಲ, ಅಜ್ಜಿಗೆ ಶುಗರ್ ಇತ್ತು: 70 ಬಂತು. "ನನಗೇನಾಗಿದೆಯೋ, ಕಲ್ಲು ತಿಂದು ಅರಗಿಸಿಕೊಳ್ತೀನಿ" ಅಂತ ಒಂದು ತಿಂಗಳು ಸತಾಯಿಸಿದರು. ದೊಡ್ಡಪ್ಪನೇ ಬಂದು, ಕಣ್ಣಿನ ರಿಪೋರ್ಟ್ ಮುಂದಿಟ್ಟು "ನಡಿಯೋ" ಅಂದ ಮೇಲೆ ಎದ್ದರು. ಎಚ್‌ಬಿಎ1ಸಿ 6.1. 5.7ರಿಂದ 6.4ರ ಒಳಗೆ, ಅಂದರೆ ಪ್ರೀಡಯಾಬಿಟಿಸ್. 2023ರಲ್ಲಿ ಪ್ರಕಟವಾದ ಐಸಿಎಂಆರ್ ಸಮೀಕ್ಷೆಯ ಅಂದಾಜಿನಂತೆ ದೇಶದಲ್ಲಿ ಡಯಾಬಿಟಿಸ್ ಇರೋರು 10.1 ಕೋಟಿ, ಅಪ್ಪನ ಥರ ಹೊಸ್ತಿಲಲ್ಲಿ ಇರೋರು 13.6 ಕೋಟಿ. ಸದ್ಯಕ್ಕೆ ಮಾತ್ರೆ ಬೇಡ, ನಡೀರಿ, ತೂಕ ಇಳಿಸಿ, ಮೂರು ತಿಂಗಳು ಬಿಟ್ಟು ಬನ್ನಿ ಅಂದಿದ್ದಾರೆ. ಬೆಳಿಗ್ಗೆ ಈಗ ಅಂಗಡಿ ಬಾಗಿಲು ಅರ್ಧ ಗಂಟೆ ಲೇಟಾಗಿ ತೆಗೆಯುತ್ತೆ. ನನ್ನ ಸ್ಕೋರ್ 40, ಸೊಂಟ 92. ಭಾನುವಾರ ಊರಿಗೆ ಹೋದಾಗ ಅಪ್ಪನ ಜೊತೆ ನಾನೂ ನಡೀತೀನಿ.