ಬೆಟ್ಟದ ಸುತ್ತು, ರೈಲಿನ ವೇಳೆ

ಕಾರಿಲ್ಲದೆ ಚೆನ್ನೈನಿಂದ ಹೋಗಿ ನಡೆದು ಬರಲು ತಿರುವಣ್ಣಾಮಲೈಯ ಗಿರಿವಲಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ. ಅರುಣಾಚಲ ಬೆಟ್ಟವನ್ನು ಬಲಕ್ಕಿಟ್ಟುಕೊಂಡು 14 ಕಿಲೋಮೀಟರ್ ಸುತ್ತಿದರೆ ಹೊರಟ ಜಾಗಕ್ಕೇ ಬಂದು ಸೇರುತ್ತೇವೆ. ಮರಳಲು ಬೇರೆ ಊರಿಗೆ ಹೋಗಬೇಕಿಲ್ಲ.

ಕನ್ನಡಿಗರಿಗೆ ಈ ಊರು ಹೊಸದಲ್ಲ. ಹೊಯ್ಸಳರ ಮೂರನೇ ವೀರಬಲ್ಲಾಳ ತನ್ನ ಕೊನೆಯ ವರ್ಷಗಳಲ್ಲಿ ಇಲ್ಲಿ ನೆಲೆಯೂರಿದ್ದ. ಊರಿನ ದೇವಸ್ಥಾನದೊಳಗಿನ ಬಲ್ಲಾಳ ಗೋಪುರ ಅವನ ಹೆಸರಿನದು. 217 ಅಡಿಯ ರಾಜಗೋಪುರವನ್ನು ಕಟ್ಟಿಸಲು ತೊಡಗಿದವನು ಕೃಷ್ಣದೇವರಾಯ.

ಆಗೆಲ್ಲ ಜನ ನಡೆದೇ ಬಂದು, ಬೆಟ್ಟ ಸುತ್ತಿ, ನಡೆದೇ ಹೋಗುತ್ತಿದ್ದರು. ರೈಲು ಬಂದದ್ದು ಹತ್ತೊಂಬತ್ತನೇ ಶತಮಾನದ ಕೊನೆಗೆ, ವಿಳುಪ್ಪುರಂ–ಕಾಟ್ಪಾಡಿ ಮೀಟರ್ ಗೇಜ್ ಮಾರ್ಗವಾಗಿ. ಅದು ಎಷ್ಟು ಹೊಸದಾಗಿತ್ತೆಂದರೆ, 1896ರಲ್ಲಿ ಮದುರೆಯ ಮನೆ ಬಿಟ್ಟು ಹೊರಟ ಹದಿನಾರರ ವೆಂಕಟರಾಮನ್ ನೋಡಿದ ಹಳೆಯ ಅಟ್ಲಾಸಿನಲ್ಲಿ ಆ ಗೆರೆಯೇ ಇರಲಿಲ್ಲ. ಹತ್ತಿರದ ಸ್ಟೇಷನ್ ತಿಂಡಿವನಂ ಎಂದುಕೊಂಡು 2 ರೂಪಾಯಿ 13 ಆಣೆ ಕೊಟ್ಟು ಟಿಕೆಟ್ ಕೊಂಡ. ವಿಳುಪ್ಪುರದಲ್ಲಿ ಇಳಿದು ಬೇರೆ ರೈಲು ಹತ್ತಬೇಕೆಂದು ಹೇಳಿದವರು ಡಬ್ಬಿಯಲ್ಲಿದ್ದ ಒಬ್ಬ ಮೌಲ್ವಿ. ಕೈಯ ಕಾಸು ಮುಗಿದಾಗ ಹುಡುಗ ನಡೆದ. ಕಿವಿಯ ಓಲೆ ಅಡವಿಟ್ಟು, ತಿರುಕೋಯಿಲೂರಿನಿಂದ ಮತ್ತೆ ರೈಲು ಹತ್ತಿ, ಸೆಪ್ಟೆಂಬರ್ 1ರಂದು ತಿರುವಣ್ಣಾಮಲೈಯಲ್ಲಿ ಇಳಿದ. ಮುಂದೆ ರಮಣ ಮಹರ್ಷಿಯಾಗಿ ಅದೇ ಬೆಟ್ಟವನ್ನು ಅದೆಷ್ಟೋ ಸಲ ಸುತ್ತಿದವನು ಅವನೇ. ಪ್ರಯಾಣದ ಯೋಜನೆಗೆ ನಕ್ಷೆಯಷ್ಟೇ ಸಾಲದು, ಸಹಪ್ರಯಾಣಿಕರೂ ಬೇಕು ಎಂದು ಈ ಪ್ರಸಂಗ ನೆನೆದಾಗಲೆಲ್ಲ ಅನಿಸುತ್ತದೆ.

ಹಳಿಯನ್ನು ಬ್ರಾಡ್ ಗೇಜ್ ಮಾಡಲೆಂದು 2007ರಲ್ಲಿ ಈ ಮಾರ್ಗ ಮುಚ್ಚಿತು. ಕೆಲಸ ಮುಗಿದು ರೈಲುಗಳು ಮತ್ತೆ ಓಡಿದರೂ ಚೆನ್ನೈನವರ ಕೈಗೆ ಎಟುಕುವ ನಿತ್ಯದ ನೇರ ರೈಲಿಗೆ ಬಹಳ ವರ್ಷ ಕಾಯಬೇಕಾಯಿತು. ಬಂದದ್ದು 2024ರ ಮೇ 2ರಂದು: ಚೆನ್ನೈ ಬೀಚ್–ವೆಲ್ಲೂರು ಕಂಟೋನ್ಮೆಂಟ್ ಮೆಮು ರೈಲನ್ನು ತಿರುವಣ್ಣಾಮಲೈವರೆಗೆ ವಿಸ್ತರಿಸಿದರು. ಆಗಿನ ದರ 50 ರೂಪಾಯಿ. ಅರಕ್ಕೋಣಂ, ಕಾಟ್ಪಾಡಿ ಬಳಸಿ ಹೋಗುವ ದೀರ್ಘ ದಾರಿ ನಿಜ. ಆದರೆ ಕೂಲಿಯವರಿಗೂ ವಿದ್ಯಾರ್ಥಿಗಳಿಗೂ ಆ ಬೆಲೆ ದೊಡ್ಡ ಮಾತು.

ಒಂದು ತೊಡಕುಂಟು. ಆಗ ಪ್ರಕಟಿಸಿದ ವೇಳೆಯಂತೆ ಸಂಜೆ ಆರಕ್ಕೆ ಹೊರಟ ರೈಲು ಮಧ್ಯರಾತ್ರಿ ಕಳೆದು ತಲುಪುತ್ತದೆ, ಮುಂಜಾನೆ ನಾಲ್ಕಕ್ಕೆ ಮರಳುತ್ತದೆ. ವೆಲ್ಲೂರಿನಿಂದ ಬೆಳಗ್ಗೆ ಚೆನ್ನೈಗೆ ಬರುವವರ ಹೊತ್ತಿಗೆ ಹೊಂದಿಸಿದ ಗಾಡಿ ಅದು. ಸಾಧಾರಣ ನಡಿಗೆಗೆ ಸುತ್ತು ನಾಲ್ಕೈದು ಗಂಟೆ ಹಿಡಿಯುತ್ತದೆ, ಜೊತೆಗೆ ಸ್ಟೇಷನ್ನಿನಿಂದ ಹೋಗಿಬರುವ ದಾರಿ. ಹಾಗಾಗಿ ಹೋಗುವಾಗ ರೈಲು, ಬರುವಾಗ ಬಸ್ಸು ಎಂದು ಇಟ್ಟುಕೊಳ್ಳುವುದೇ ಸರಿ. ಜಿಂಜಿ, ತಿಂಡಿವನಂ ಮೇಲಿನ ಬಸ್ಸುಗಳು 2023ರ ಡಿಸೆಂಬರ್ 30ರಂದು ತೆರೆದ ಕಿಲಾಂಬಾಕ್ಕಂ ನಿಲ್ದಾಣಕ್ಕೆ ಬರುತ್ತವೆ. ಹುಣ್ಣಿಮೆಗೆ ವಿಶೇಷ ಬಸ್ಸುಗಳಿರುತ್ತವೆ, ಜನಜಂಗುಳಿಯೂ ಇರುತ್ತದೆ. ಮೊದಲ ಸಲ ಹೋಗುವವರು ಬೇರೆ ದಿನ ಆರಿಸಿಕೊಳ್ಳಿ. ಪಶ್ಚಿಮದ ಆದಿ ಅಣ್ಣಾಮಲೈ ಕಡೆಯ ರಸ್ತೆಯಲ್ಲಿ ಬೆಟ್ಟವನ್ನು ಕಣ್ತುಂಬ ನೋಡಲು ಆಗ ಬಿಡುವು ಸಿಗುತ್ತದೆ.